ಹಲಾಲ್ ಸರಿ, ತಯ್ಯಿಬ್ ಹೌದೇ?

ನಮ್ಮ ಮದುವೆಯ ಔತಣಗಳಲ್ಲಿ ಬಿರಿಯಾನಿಯ ಜೊತೆ ತಂಪು ಪಾನೀಯ ಇರಲೇಬೇಕೆಂಬುದು ಅಲಿಖಿತ ಶಾಸನವಾಗಿಬಿಟ್ಟಿದೆ. ಈಗ ಸಕ್ಕರೆ ಕಾಯಿಲೆಯವರೂ ಹಿಂಜರಿಯಬೇಕಾಗಿಲ್ಲ. ಅವರಿಗಾಗಿ 'ಡಯಟ್', 'ಝೀರೋ' ಎಂಬ ಹಣೆಪಟ್ಟಿಯ ಬಾಟಲಿಗಳು ಬಂದಿವೆ. ಅವುಗಳಲ್ಲಿ ಸಕ್ಕರೆ ಇಲ್ಲ ಎಂಬುದು ನಿಜ. ಆದರೆ ಸಕ್ಕರೆ ಇಲ್ಲದಿದ್ದರೆ ಹಾನಿಯೂ ಇಲ್ಲವೆಂದು ಜನರನ್ನು ನಂಬಿಸಿರುವುದು ಮಾರುಕಟ್ಟೆಯ ಜಾಣ್ಮೆ.

ಇಂಥ ಪಾನೀಯಗಳಲ್ಲಿ ವ್ಯಾಪಕವಾಗಿ ಬಳಕೆಯಾಗುವ ಆಸ್ಪರ್ಟೇಮ್ ಸಕ್ಕರೆಗಿಂತ ಸುಮಾರು 200 ಪಟ್ಟು ಸಿಹಿ. ಅದರ ಇತಿಹಾಸವು ವಿಜ್ಞಾನದ್ದು ಎಷ್ಟೋ ರಾಜಕೀಯದ್ದೂ ಅಷ್ಟೇ. 1974ರಲ್ಲಿ ಅಮೇರಿಕದ ಸರ್ಲ್ ಕಂಪೆನಿಗೆ ದೊರೆತ ಅನುಮತಿಯು ಆಕ್ಷೇಪಗಳಿಂದಾಗಿ ಸ್ಥಗಿತಗೊಂಡಿತ್ತು. ಇನ್ನಷ್ಟು ಅಧ್ಯಯನ ನಡೆಯುವವರೆಗೆ ಅನುಮತಿ ಬೇಡವೆಂದು 1980ರಲ್ಲಿ ವಿಚಾರಣಾ ಮಂಡಳಿಯೊಂದು ಹೇಳಿತು. 1981ರಲ್ಲಿ ರೇಗನ್ ಅಧ್ಯಕ್ಷರಾದರು. ಅದೇ ಜುಲೈಯಲ್ಲಿ ಹೊಸ ಆಯುಕ್ತ ಆರ್ಥರ್ ಹಲ್ ಹೇಯ್ಸ್ ಅನುಮತಿ ನೀಡಿದರು. 1983ರಲ್ಲಿ ತಂಪು ಪಾನೀಯಗಳಿಗೂ ಅದು ವಿಸ್ತರಿಸಿತು. ಆಗ ಕಂಪೆನಿಯ ಮುಖ್ಯಸ್ಥರಾಗಿದ್ದವರು ಡೊನಾಲ್ಡ್ ರಮ್ಸ್‌ಫೆಲ್ಡ್. 2003ರಲ್ಲಿ ಇರಾಕಿನ ಮೇಲೆ ಯುದ್ಧ ಹೇರಿದಾಗ ಅಮೇರಿಕದ ರಕ್ಷಣಾ ಸಚಿವರಾಗಿದ್ದವರು ಇವರೇ.

ಹಾಗೆಂದು ಅದನ್ನು ವಿಷವೆಂದು ಸಾರುವುದು ನ್ಯಾಯವಲ್ಲ. 2023ರ ಜುಲೈಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಆಸ್ಪರ್ಟೇಮನ್ನು 'ಕ್ಯಾನ್ಸರ್‌ಕಾರಕ ಆಗಿರಬಹುದಾದ' ವಸ್ತುಗಳ ಗುಂಪಿಗೆ ಸೇರಿಸಿದರೂ ಪುರಾವೆ ಸೀಮಿತವೆಂದೇ ಹೇಳಿತು. ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 40 ಮಿಲಿಗ್ರಾಮ್ ಎಂಬ ಹಳೆಯ ಮಿತಿಯನ್ನು ತಜ್ಞರ ಸಮಿತಿ ಬದಲಿಸಲಿಲ್ಲ. 70 ಕಿಲೋ ತೂಕದವರು ಆ ಮಿತಿ ದಾಟಬೇಕಾದರೆ ದಿನಕ್ಕೆ ಒಂಬತ್ತಕ್ಕಿಂತ ಹೆಚ್ಚು ಕ್ಯಾನ್ ಕುಡಿಯಬೇಕು!

ನಮ್ಮಲ್ಲಿ ಸದ್ದಾಗಬೇಕಾಗಿದ್ದುದು ಅದೇ ವರ್ಷ ಮೇ ತಿಂಗಳಲ್ಲಿ ಬಂದ ಇನ್ನೊಂದು ಸಲಹೆ. ತೂಕ ಇಳಿಸಲು ಸಕ್ಕರೆಯೇತರ ಸಿಹಿಕಾರಕಗಳನ್ನು ಅವಲಂಬಿಸಬೇಡಿ, ದೀರ್ಘಕಾಲದಲ್ಲಿ ಅವು ಕೊಬ್ಬನ್ನು ಕರಗಿಸುವುದಿಲ್ಲ ಎಂದು ಅದೇ ಸಂಸ್ಥೆ ಹೇಳಿತು. ದೀರ್ಘಕಾಲದ ಬಳಕೆಗೂ ಟೈಪ್ 2 ಮಧುಮೇಹ ಮತ್ತು ಹೃದ್ರೋಗಕ್ಕೂ ನಂಟಿರಬಹುದೆಂದು ಎಚ್ಚರಿಸಿತು. ಈಗಾಗಲೇ ಮಧುಮೇಹವಿರುವವರನ್ನು ಈ ಸಲಹೆಯಿಂದ ಹೊರಗಿಡಲಾಗಿದೆ. ಅವರಿಗೆ ಸಕ್ಕರೆಯ ಬಾಟಲಿಗಿಂತ ಇದು ವಾಸಿ ಎನ್ನಬಹುದು. ಆದರೆ 'ಡಯಟ್' ಕುಡಿದೆನೆಂಬ ಧೈರ್ಯದಲ್ಲಿ ಇನ್ನೊಂದು ತಟ್ಟೆ ಬಿರಿಯಾನಿಗೆ ಕೈ ಚಾಚಿದರೆ ಆ ಅನ್ನವೂ ರಕ್ತದಲ್ಲಿ ಸಕ್ಕರೆಯಾಗಿಯೇ ಸೇರುತ್ತದೆ. ಆಮ್ಲೀಯ ಪಾನೀಯವು ಹಲ್ಲಿನ ಎನಾಮಲ್ ಸವೆಸುವಾಗಲಂತೂ ಡಯಟ್, ಡಯಟ್ ಅಲ್ಲ ಎಂದು ನೋಡುವುದಿಲ್ಲ.

ಪವಿತ್ರ ಕುರ್‌ಆನ್ ಆಹಾರದ ಬಗ್ಗೆ ಹೇಳುವಾಗ ಹಲಾಲ್‌ನ ಜೊತೆಗೇ ತಯ್ಯಿಬ್, ಅಂದರೆ ಶುದ್ಧವೂ ಉತ್ತಮವೂ ಆದುದು, ಎಂಬ ಪದವನ್ನು ಇರಿಸಿದೆ. ನಾವು ಮೊದಲನೆಯದನ್ನು ಮಾತ್ರ ವಿಚಾರಿಸಿ ಸುಮ್ಮನಾಗುತ್ತೇವೆ. ವರದಕ್ಷಿಣೆಯ ವಿರುದ್ಧ ದನಿಯೆತ್ತಿದ ಜಮಾಅತ್‌ಗಳು ಮದುವೆ ಹಾಲ್‌ನ ಮೇಜಿನ ಮೇಲೆ ಈ ಬಾಟಲಿಗಳ ಬದಲು ನೀರು, ಮಜ್ಜಿಗೆ ಇಡುವ ಕುರಿತೂ ಒಮ್ಮೆ ಚರ್ಚಿಸಬಾರದೇಕೆ?