ನೋಯದ ಹುಣ್ಣು

ಕಳೆದ ತಿಂಗಳು ವಾಚಕ ಸೋದರಿಯೊಬ್ಬರು ನಮಗೆ ಪತ್ರ ಬರೆದಿದ್ದರು. ಅವರ ಅತ್ತೆಯವರು ಬಚ್ಚಲಿನಲ್ಲಿ ಜಾರಿ ಬಿದ್ದು, ತೊಡೆಯ ಮೂಳೆ ಮುರಿದು, ಐದು ವಾರಗಳಿಂದ ಹಾಸಿಗೆ ಹಿಡಿದಿರುವರಂತೆ. ಬೆನ್ನುಮೂಳೆಯು ಕೊನೆಗೊಳ್ಳುವ ಸ್ಥಳದಲ್ಲಿ ರೂಪಾಯಿಯಗಲದ ಕಪ್ಪು ಕಲೆಯೊಂದು ಕಾಣಿಸಿಕೊಂಡಿದೆ. “ನೋವೇನೂ ಇಲ್ಲವೆನ್ನುತ್ತಾರೆ; ಆದುದರಿಂದ ಗಾಬರಿಯಿಲ್ಲ. ಯಾವ ಲೇಪವನ್ನು ಹಚ್ಚಬಹುದು?” ಎಂಬುದು ಅವರ ಪ್ರಶ್ನೆ. ಲೇಪ ಬೇಡ, ಇಂದೇ ವೈದ್ಯರನ್ನು ಕರೆಯಿಸಿರಿ ಎಂದು ಅವರಿಗೆ ಒಡನೆಯೇ ಉತ್ತರ ಬರೆದೆನು. ನಾನು ವೈದ್ಯನಲ್ಲ, ವ್ಯಾಕರಣ ಕಲಿಸಿ ವಯಸ್ಸು ಕಳೆದವನು. ಆ ಪತ್ರದಲ್ಲಿ ನನ್ನನ್ನು ಹೆದರಿಸಿದುದು ಕಪ್ಪು ಕಲೆಗಿಂತ ಹೆಚ್ಚಾಗಿ ‘ಆದುದರಿಂದ’ ಎಂಬ ಅವ್ಯಯವೇ. ನೋವಿಲ್ಲದಿರುವುದಕ್ಕೂ ಗಾಬರಿಯಿಲ್ಲದಿರುವುದಕ್ಕೂ ಆ ಶಬ್ದವು ಕಲ್ಪಿಸುವ ಸಂಬಂಧವು ನಮ್ಮ ಮನೆಗಳಲ್ಲಿ ಎಷ್ಟೋ ಕಾಲುಗಳನ್ನು, ಕೆಲವೆಡೆ ಪ್ರಾಣಗಳನ್ನೇ, ಕಳೆದಿದೆ.

ಮನುಷ್ಯನು ಬದುಕಿರುವಾಗಲೇ ಅವನ ದೇಹದ ಒಂದು ಭಾಗವು ಸಾಯುವುದುಂಟು. ಪಾಶ್ಚಾತ್ಯ ವೈದ್ಯರು ಇದನ್ನು ನೆಕ್ರೋಸಿಸ್ ಎನ್ನುವರು. ಗ್ರೀಕಿನಲ್ಲಿ ‘ನೆಕ್ರೋಸ್’ ಎಂದರೆ ಶವ; ಅದರ ಮೂಲವೂ ನಮ್ಮ ‘ನಶ್’ ಧಾತುವೂ ಒಂದೇ ಮನೆಯವೆಂದು ಭಾಷಾಶಾಸ್ತ್ರಜ್ಞರ ಅಭಿಪ್ರಾಯ. ಇದಕ್ಕೆ ಬಹುತೇಕ ಕಾರಣವು ರಕ್ತದ ಅಭಾವ. ರಕ್ತವು ಪೂರ್ತಿಯಾಗಿ ನಿಂತರೆ ಮಿದುಳು ಕೆಲವೇ ನಿಮಿಷ ತಾಳುತ್ತದೆ; ಹೃದಯದ ಸ್ನಾಯುವು ೨೦ರಿಂದ ೪೦ ನಿಮಿಷಗಳಲ್ಲಿ ಸಾಯತೊಡಗುತ್ತದೆ; ಕೈಕಾಲುಗಳ ಮಾಂಸವು ಸುಮಾರು ೬ ಗಂಟೆಗಳವರೆಗೆ ಕಾದಿರಬಲ್ಲದು. ನಾವು ಹೃದಯಾಘಾತವೆನ್ನುವುದು ಹೃದಯದ ಒಂದು ತುಂಡಿನ ಸಾವು. ಲಕ್ವವು ಬಹುಮಟ್ಟಿಗೆ ಮಿದುಳಿನ ಒಂದು ತುಂಡಿನ ಸಾವು. ಸತ್ತ ಹೃದಯಸ್ನಾಯುವು ಬೇಯಿಸಿದಂತೆ ಗಟ್ಟಿಯಾಗಿ ಕೆಲಕಾಲ ತನ್ನ ಆಕಾರದಲ್ಲಿಯೇ ನಿಲ್ಲುವುದು, ಸತ್ತ ಮಿದುಳು ಕರಗಿ ನೀರಾಗುವುದು, ಕ್ಷಯರೋಗದಲ್ಲಿ ಸತ್ತ ಶ್ವಾಸಕೋಶವು ಗಿಣ್ಣಿನಂತೆ ಪುಡಿಪುಡಿಯಾಗುವುದು. ಒಂದೇ ಮೃತ್ಯುವಿಗೆ ಎಷ್ಟು ವೇಷಗಳು!

ಇನ್ನು ನೋವಿನ ವಿಚಾರ. ರಕ್ತವು ಕಡಿಮೆಯಾಗಿ ಮಾಂಸವು ಸಾಯುತ್ತಿರುವಾಗ ಅದು ಕೂಗಿಕೊಳ್ಳಬಹುದು, ಅತಿಯಾಗಿಯೂ ಕೂಗಬಹುದು. ಆದರೆ ಸತ್ತ ಬಳಿಕ ಅಲ್ಲಿನ ನರವೂ ಸತ್ತಿರುತ್ತದೆ. ಕೂಗುವವನೇ ಇಲ್ಲವಾದ ಮೇಲೆ ಕೂಗು ಎಲ್ಲಿಂದ ಬಂದೀತು? ಕೆಲವು ರೋಗಗಳಲ್ಲಂತೂ ನರವೇ ಮೊದಲು ಕೆಡುವುದರಿಂದ ಆ ಮೊದಲ ಕೂಗೂ ಕೇಳಿಸದು.

ಇದನ್ನು ಲೋಕಕ್ಕೆ ಮನಗಾಣಿಸಿದ ಕೆಲಸವು ನಮ್ಮ ನೆರೆಯ ವೆಲ್ಲೂರಿನಲ್ಲಿ ನಡೆಯಿತು. ಕೊಲ್ಲಿಮಲೆಯಲ್ಲಿ ಹುಟ್ಟಿದ ಆಂಗ್ಲ ಶಸ್ತ್ರವೈದ್ಯ ಪಾಲ್ ಬ್ರಾಂಡ್ ಎಂಬವರು ೧೯೪೬ರಲ್ಲಿ ಅಲ್ಲಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದರು. ಕುಷ್ಠರೋಗದಲ್ಲಿ ಬೆರಳುಗಳು ರೋಗದಿಂದಲೇ ಕೊಳೆತು ಉದುರುವುವೆಂದು ಆಗ ಎಲ್ಲರೂ ನಂಬಿದ್ದರು. ಬ್ರಾಂಡರು ರೋಗಿಗಳ ದಿನಚರಿಯನ್ನು ಕೂತು ನೋಡಿದರು. ಒಬ್ಬನು ಬಿಸಿ ಪಾತ್ರೆಯನ್ನು ಬರಿಗೈಯಿಂದ ಹಿಡಿಯುವನು, ಮತ್ತೊಬ್ಬನು ಮೊಳೆ ಚುಚ್ಚಿದ ಕಾಲಿನಲ್ಲಿಯೇ ನಡೆಯುವನು; ಕೆಲವರ ಬೆರಳನ್ನು ರಾತ್ರಿ ನಿದ್ದೆಯಲ್ಲಿ ಇಲಿಗಳು ತಿಂದರೂ ಎಚ್ಚರವಾಗುತ್ತಿರಲಿಲ್ಲ. ಇಲಿಗಳ ಕಾಟಕ್ಕೆ ಅವರು ಕೊಟ್ಟ ಮದ್ದು ಬೆಕ್ಕು! ರೋಗವು ನರವನ್ನು ಕೆಡಿಸಿ ನೋವನ್ನು ಕಸಿಯುತ್ತದೆ. ನೋವಿಲ್ಲದವನು ತನ್ನ ಅಂಗವನ್ನು ತಾನೇ ಗಾಯಪಡಿಸಿ, ಸೋಂಕು ತಗುಲಿ, ದಿನದಿನಕ್ಕೆ ಕಳೆದುಕೊಳ್ಳುತ್ತಾನೆ ಎಂಬುದು ಹೀಗೆ ತಿಳಿದುಬಂತು. ಮುಂದೆ ಅವರು ಅಮೆರಿಕದಲ್ಲಿ ಕೆಲಸಮಾಡುವಾಗ ಇದೇ ಪಾಠವನ್ನು ಮಧುಮೇಹಿಗಳ ಪಾದಗಳಿಗೂ ಅನ್ವಯಿಸಿದರು.

ಮಧುಮೇಹವು ಈಗ ಯಾರ ಮನೆಯಲ್ಲಿಲ್ಲ? ಬಹುಕಾಲದ ಸಕ್ಕರೆಯು ಪಾದದ ನರಗಳನ್ನು ಮಂಕುಮಾಡುತ್ತದೆ, ರಕ್ತನಾಳಗಳನ್ನು ಕಿರಿದುಮಾಡುತ್ತದೆ. ಚಪ್ಪಲಿಯೊಳಗೆ ಸೇರಿದ ಕಲ್ಲುಹರಳು, ಚಳಿಗಾಲದ ಶಾಖದ ಚೀಲ, ನಡುಹಗಲು ದೇವಾಲಯದ ಕಾದ ಚಪ್ಪಡಿಯ ಮೇಲಿನ ಪ್ರದಕ್ಷಿಣೆ, ಇಷ್ಟೇ ಸಾಕು. (ಪ್ರದಕ್ಷಿಣೆ ಬೇಡವೆನ್ನುವುದಿಲ್ಲ, ಬೆಳಗಿನ ಹೊತ್ತಿಗೆ ಇಟ್ಟುಕೊಳ್ಳಬಹುದಲ್ಲವೆ?) ಬೆರಳು ಕಪ್ಪಾಗಿ ಒಣಗಿ ಸುಕ್ಕುಗಟ್ಟಿದರೆ ಅದು ಒಣ ಗ್ಯಾಂಗ್ರೀನ್, ಜೀವಂತ ಭಾಗಕ್ಕೂ ಸತ್ತ ಭಾಗಕ್ಕೂ ನಡುವೆ ಗೆರೆಯೆಳೆದಂತೆ ಕಾಣುವುದು. ಊತ, ನೀರುಗುಳ್ಳೆ, ದುರ್ಗಂಧ, ಜ್ವರ ಇವು ಕೂಡಿದರೆ ಹಸಿ ಗ್ಯಾಂಗ್ರೀನ್. ಅಲ್ಲಿ ಬೆಳಗಾಗಲೆಂದು ಕಾಯುವುದೂ ತಪ್ಪು, ಅದೇ ಘಳಿಗೆಯಲ್ಲಿ ಆಸ್ಪತ್ರೆಗೆ ಹೋಗತಕ್ಕದ್ದು. ಒಣದಾದರೂ ವೈದ್ಯರಿಗೆ ತೋರಿಸುವುದನ್ನು ಮುಂದಕ್ಕೆ ಹಾಕತಕ್ಕದ್ದಲ್ಲ. ದಿನಕ್ಕೊಮ್ಮೆ ಅಂಗಾಲನ್ನೂ ಬೆರಳುಗಳ ಸಂದುಗಳನ್ನೂ ನೋಡಬೇಕು; ಬಗ್ಗಲಾರದವರು ನೆಲದ ಮೇಲೊಂದು ಕನ್ನಡಿಯನ್ನು ಇಟ್ಟುಕೊಳ್ಳಲಿ, ಕಣ್ಣು ಮಂದವಾದವರಿಗೆ ಮೊಮ್ಮಕ್ಕಳು ನೋಡಿ ಹೇಳಲಿ. ಕಾಲಾಣಿಯನ್ನು ಮನೆಯಲ್ಲಿ ಬ್ಲೇಡಿನಿಂದ ಕೊಯ್ಯುವ ಚಪಲವನ್ನು ಬಿಡಬೇಕು.

ಇನ್ನು ಸೋದರಿಯವರು ಕೇಳಿದ ಹಾಸಿಗೆಹುಣ್ಣು. ಮಲಗಿದವರ ಭಾರವೆಲ್ಲ ಕೆಲವೇ ಮೂಳೆಗಳ ಮೇಲೆ ಬೀಳುವುದು: ಬೆನ್ನಿನ ಕೊನೆ, ಸೊಂಟದ ಪಕ್ಕ, ಹಿಮ್ಮಡಿ, ಹೆಗಲಿನ ಹಿಂಭಾಗ, ತಲೆಯ ಹಿಂಭಾಗ. ಮೂಳೆಗೂ ಹಾಸಿಗೆಗೂ ನಡುವೆ ಸಿಕ್ಕಿದ ಮಾಂಸದಲ್ಲಿ ರಕ್ತವು ಹರಿಯದು. ಆರೋಗ್ಯವಂತರಾದ ನಾವು ನಿದ್ದೆಯಲ್ಲಿಯೂ ಮಗ್ಗುಲಾಗುತ್ತೇವೆ. ಮುರಿದ ಮೂಳೆಯವರು, ಲಕ್ವ ಹೊಡೆದವರು, ಪ್ರಜ್ಞೆಯಿಲ್ಲದವರು ಆಗಲಾರರು. ಎಷ್ಟೋ ಸಲ ಮೂಳೆಗೆ ತಾಗಿದ ಆಳದ ಮಾಂಸವೇ ಮೊದಲು ಸಾಯುವುದರಿಂದ ಹೊರಗೆ ರೂಪಾಯಿಯಗಲ ಕಂಡರೆ ಒಳಗೆ ಅಂಗೈಯಗಲ ಇರಬಹುದು. ಇದಕ್ಕೆಂದೇ ಲೇಪದ ಮಾತನ್ನು ನಾನು ಒಪ್ಪಲಿಲ್ಲ.

ತಡೆಯುವುದಾದರೋ ಮನೆಯವರ ಕೈಯಲ್ಲಿದೆ. ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಮೂಳೆ ಮುರಿದವರನ್ನು ಹೇಗೆ ಹೊರಳಿಸಬೇಕೆಂಬುದನ್ನು ವೈದ್ಯರಿಂದಲೋ ದಾದಿಯಿಂದಲೋ ಮೊದಲೇ ಕಲಿತುಕೊಳ್ಳಬೇಕು. ಹೊರಳಿಸುವಾಗ ಎಳೆಯದೆ ಇಬ್ಬರು ಸೇರಿ ಎತ್ತಬೇಕು, ಎಳೆದರೆ ಚರ್ಮದ ಕೆಳಗಿನ ನಾಳಗಳು ಜಗ್ಗಿ ಹರಿಯುವುವು. ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿಗಳು ಹಾಸಿಗೆಗೆ ತಾಗದಂತೆ ಮಾಡಬೇಕು. ಮಲಮೂತ್ರದ ತೇವವನ್ನು ಒಡನೆಯೇ ಒರೆಸಿ ಒಣಗಿಸಬೇಕು. ಗಾಳಿಹಾಸಿಗೆಯು ಒಳ್ಳೆಯದೇ, ಆದರೆ ಅದನ್ನು ತಂದಮಾತ್ರಕ್ಕೆ ಹೊರಳಿಸುವುದು ತಪ್ಪದು. ಕೆಂಪಾದ ಸ್ಥಳವನ್ನು ಬೆರಳಿನಿಂದ ಒತ್ತಿ ಬಿಟ್ಟು ನೋಡಿರಿ. ಬಿಳಿಚದೆ ಹಾಗೆಯೇ ಇದ್ದರೆ ಕೇಡು ಆಗಲೇ ಆರಂಭವಾಗಿದೆ. ನಮ್ಮಲ್ಲಿ ಕಪ್ಪು ಮೈಯವರಲ್ಲಿ ಕೆಂಪು ಕಾಣದಿರಬಹುದು. ಬಣ್ಣದ ವ್ಯತ್ಯಾಸ, ಬಿಸಿ, ಗಡಸುತನ ಇವನ್ನು ಕೈಯಿಂದ ತಡವಿ ತಿಳಿಯಬೇಕು. ಅಲ್ಲಿ ಎಣ್ಣೆ ಹಚ್ಚಿ ತಿಕ್ಕುವ ಪದ್ಧತಿಯು ಸದುದ್ದೇಶದ್ದಾದರೂ ಕೇಡನ್ನೇ ಹೆಚ್ಚಿಸುವುದು. ನಡುವೆ ತೂತಿರುವ ಬಳೆಯಾಕಾರದ ದಿಂಬೂ ಹಾಗೆಯೇ. ಸುತ್ತಲಿನ ರಕ್ತವನ್ನು ತಡೆಯುತ್ತದೆ.

ಆಹಾರದಲ್ಲಿಯೂ ಒಂದು ಮಾತು. ರೋಗಿಗೆ ಬರಿಯ ಗಂಜಿ ಕೊಡುವುದೇ ಪಥ್ಯವೆಂದು ನಮ್ಮ ಮನೆಗಳಲ್ಲಿ ತಿಳಿದಿರುವರು. ಹೊಸ ಮಾಂಸವು ಗಂಜಿಯಿಂದ ಬೆಳೆಯದು. ವೈದ್ಯರ ನಿಷೇಧವಿಲ್ಲದಿದ್ದರೆ ಬೇಳೆ, ಹಾಲು, ಮೊಸರು, ತಿನ್ನುವವರಿಗೆ ಮೊಟ್ಟೆ, ಇವನ್ನು ಧಾರಾಳವಾಗಿ ಕೊಡಬೇಕು.

ಹುಣ್ಣು ಆಗಿಯೇ ಹೋದರೆ? ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ವ್ರಣಕ್ಕೆ ೬೦ ಉಪಕ್ರಮಗಳನ್ನು ಹೇಳಿದೆ. ಶೋಧನವೂ ರೋಪಣವೂ ಅವುಗಳಲ್ಲಿ ಸೇರಿವೆ. ದುಷ್ಟವ್ರಣವನ್ನು ಮೊದಲು ಶುದ್ಧಿಗೊಳಿಸಿದ ಬಳಿಕವೇ ಮಾಯಿಸಬೇಕೆಂಬುದು ಅಲ್ಲಿನ ಕ್ರಮ. ಇಂದಿನ ಶಸ್ತ್ರವೈದ್ಯರೂ ಸತ್ತ ಮಾಂಸವನ್ನು ಕತ್ತರಿಸಿ ತೆಗೆದ ಬಳಿಕವೇ ವ್ರಣವು ಮಾಯುವುದನ್ನು ನಿರೀಕ್ಷಿಸುತ್ತಾರೆ, ಏಕೆಂದರೆ ಸತ್ತ ಮಾಂಸವು ಕ್ರಿಮಿಗಳಿಗೆ ಔತಣ. ಆದರೆ ಈ ನಿಯಮಕ್ಕೂ ಅಪವಾದವುಂಟು: ಹಿಮ್ಮಡಿಯ ಮೇಲೆ ಒಣಗಿ ಗಟ್ಟಿಯಾಗಿ, ಕೀವೂ ಕೆಂಪೂ ಇಲ್ಲದೆ ಕುಳಿತ ಕಪ್ಪು ಹೊಪ್ಪಳೆಯನ್ನು ವೈದ್ಯರು ಅನೇಕ ಸಲ ಹಾಗೆಯೇ ಬಿಡುವರು, ಒಳಗಿನ ಮಾಂಸಕ್ಕೆ ಅದೇ ಮುಚ್ಚಳ. ಯಾವುದನ್ನು ತೆಗೆಯಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಕಾಲಿನ ನಾಡಿಯನ್ನು ಪರೀಕ್ಷಿಸಬಲ್ಲವರು ನಿರ್ಣಯಿಸಲಿ. ಮನೆಯವರು ಅದನ್ನು ಉಗುರಿನಿಂದ ಕೀಳಲೂ ಬಾರದು, ಬಿಸಿನೀರಿನಲ್ಲಿ ನೆನೆಸಲೂ ಬಾರದು.