ಸ್ಟೇಜ್ ಟೂ ಪ್ಯಾಕೇಜೂ, ಯೂರಿಯಾ ಜೊತೆ ಲಿಂಕೂ

ಈ ವಿಷಯ ಬರೀಬೇಕು ಅಂತ ತುಂಬಾ ದಿನದಿಂದ ಅಂದ್ಕೊಳ್ತಾನೇ ಇದ್ದೆ. ಕಾರಿನ ಗೀಳು ಇಲ್ಲದವರಿಗೆ ಬೋರ್ ಹೊಡೆಸಬಹುದು, ಮೊದಲೇ ಕ್ಷಮೆ ಇರಲಿ. ಆದರೆ ನಮ್ಮ ಗಂಡಸಿ ಕಡೆ ಹುಡುಗರು ಕೊಬ್ಬರಿ ದುಡ್ಡನ್ನ ಎಲ್ಲಿ ಸುರೀತಿದ್ದಾರೆ ಅಂತ ನೋಡಿದ ಮೇಲೆ ಸುಮ್ಮನಿರೋಕೆ ಆಗ್ಲಿಲ್ಲ.

2025ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರ ಇಟ್ಟಿದ್ದ ಬೆಂಬಲ ಬೆಲೆ ಕ್ವಿಂಟಲ್‌ಗೆ 12,100 ರೂಪಾಯಿ. ತಿಪಟೂರು ಮಾರ್ಕೆಟ್ಟಿನಲ್ಲಿ ರೇಟು ಅದನ್ನ ದಾಟಿ ಎಲ್ಲೋ ಹೋಯ್ತು. ಎಷ್ಟೋ ವರ್ಷ ಬೆಂಬಲ ಬೆಲೆಗೆ ಕ್ಯೂ ನಿಂತವರಿಗೆ ಒಂದು ಸಲ ಕೈತುಂಬ ಕಾಸು ಬಂತು, ಸಂತೋಷ. ಅಪ್ಪಂದಿರು ಬೋರು, ಸಾಲ, ಮಗಳ ಮದುವೆ ಅಂತ ಲೆಕ್ಕ ಹಾಕಿದರೆ ಮಕ್ಕಳು ಸೆಕೆಂಡ್ ಹ್ಯಾಂಡ್ ಟರ್ಬೊ ಕಾರು ಹುಡುಕಿದರು. ಅದೂ ತಪ್ಪಲ್ಲ ಬಿಡಿ. ನನ್ನ ಹತ್ರಾನೂ ಒಂದು ಪೋಲೊ ಜಿಟಿ ಟಿಎಸ್‌ಐ ಇದೆ, ಬುದ್ಧಿ ಹೇಳೋ ಯೋಗ್ಯತೆ ನನಗಿಲ್ಲ. ನನ್ನ ಜಗಳ ಇರೋದು ಕಾರು ಬಂದ ಮರುವಾರವೇ ಶುರುವಾಗೋ "ಪ್ಯಾಕೇಜ್" ಅನ್ನೋ ರೋಗದ ಜೊತೆ.

ಏನಿದು ಪ್ಯಾಕೇಜು? ಟರ್ಬೊ ಇಂಜಿನ್ನಿನ ಶಕ್ತಿ ಹೆಚ್ಚಿಸೋಕೆ ಹಲವು ಬಿಡಿ ಕೆಲಸಗಳಿವೆ. ಇಸಿಯು ಮ್ಯಾಪ್ ಬದಲಾಯಿಸೋದು, ಏರ್ ಫಿಲ್ಟರ್, ಡೌನ್‌ಪೈಪ್, ಇಂಟರ್‌ಕೂಲರ್, ಸೈಲೆನ್ಸರ್ ಹೀಗೆ. ಇವನ್ನ ಒಟ್ಟಿಗೆ ಕಟ್ಟಿ ಸ್ಟೇಜ್ ಒನ್, ಸ್ಟೇಜ್ ಟೂ ಅಂತ ಹೆಸರಿಟ್ಟು ಮಾರ್ತಾರೆ. "ಬಿಡಿಬಿಡಿಯಾಗಿ ತಗೊಂಡರೆ ಜಾಸ್ತಿ ಆಗುತ್ತೆ ಸರ್, ಕಾಂಬೊ ತಗೊಳಿ" ಅಂತಾರೆ. ಈ ಮಾತನ್ನ ಎಲ್ಲೋ ಕೇಳಿದ್ದೀವಲ್ಲ? ಗೊಬ್ಬರದ ಅಂಗಡಿಯಲ್ಲಿ! ರಾಗಿಗೆ ಮೇಲುಗೊಬ್ಬರ ಕೊಡೋ ಹೊತ್ತಿಗೆ ಯೂರಿಯಾ ಕೇಳಿದರೆ, ಜೊತೆಗೆ ನ್ಯಾನೊ ಬಾಟಲಿ ತಗೋ, ಲಘು ಪೋಷಕಾಂಶದ ಪ್ಯಾಕೆಟ್ ತಗೋ ಅಂತ "ಲಿಂಕ್" ಕೊಡ್ತಾರಲ್ಲ, ಅದೇ. ಅಲ್ಲಿ ಬಯ್ಕೊಂಡು ತಗೋತೀವಿ. ಇಲ್ಲಿ ಮಾತ್ರ ನಗ್ತಾ ತಗೊಂಡು, ಸ್ಟಿಕ್ಕರ್ ಬೇರೆ ಅಂಟಿಸ್ಕೋತೀವಿ :-)

ಬೆಂಗಳೂರಿನ ಒಂದು ಅಂಗಡಿಯವರು ನನಗೆ ಕೊಟ್ಟ ಕೊಟೇಶನ್ ಇನ್ನೂ ಇದೆ. ಮ್ಯಾಪ್ 38,000, ಇನ್‌ಟೇಕ್ 32,000, ಬ್ಲೋ ಆಫ್ ವಾಲ್ವ್ 14,000, ಡೌನ್‌ಪೈಪ್ 45,000, ಹಿಂದಿನ ಸೈಲೆನ್ಸರ್ 36,000. ಕೂಡಿದರೆ 1,65,000. ಪ್ಯಾಕೇಜ್ ರೇಟು 1,48,000. "17,000 ಉಳೀತು ಸರ್!" ಅಂದ್ರು. ನನಗೆ ನಿಜವಾಗಿ ಕೆಲಸಕ್ಕೆ ಬರ್ತಿದ್ದದ್ದು ಮೊದಲ 38,000ದ ಬಾಬ್ತು ಒಂದೇ. ಅಂದ್ರೆ 17,000 ಉಳಿಸೋಕೆ 1,10,000 ಜಾಸ್ತಿ ಖರ್ಚು ಮಾಡಬೇಕಿತ್ತು.

ಉಳಿದದ್ದು ಯಾಕೆ ಬೇಡ ಅಂತ ಕೇಳ್ತೀರಿ. ಆ ಇನ್‌ಟೇಕ್ ಇದೆಯಲ್ಲ, ಬಾನೆಟ್ ಒಳಗೆ ಬೋಳಾಗಿ ಕೂರೋ ಕೋನ್ ಫಿಲ್ಟರ್, ಅದರ ಮೇಲೆ ನನಗೆ ವಿಶೇಷ ಸಿಟ್ಟು. ಕಂಪನಿ ಕೊಟ್ಟ ಡಬ್ಬಿ ಗ್ರಿಲ್ಲಿನ ಹತ್ತಿರದಿಂದ ಹೊರಗಿನ ಗಾಳಿ ಎಳೆಯುತ್ತೆ. ಈ ಬೋಳು ಫಿಲ್ಟರ್ ಎಳೆಯೋದು ಇಂಜಿನ್ ಪಕ್ಕದ ಬಿಸಿ ಗಾಳಿ. ಟರ್ಬೊ ಗಾಳಿಯನ್ನ ಒತ್ತಿದಾಗ ಅದು ಮೊದಲೇ ಕಾಯುತ್ತೆ. ಕಾದ ಗಾಳಿಯಲ್ಲಿ ಆಮ್ಲಜನಕ ಕಮ್ಮಿ, ಜೊತೆಗೆ ನಾಕಿಂಗ್ ಭಯ, ಹಾಗಾಗಿ ಇಸಿಯು ತಾನೇ ಇಗ್ನಿಷನ್ ಟೈಮಿಂಗ್ ಹಿಂದಕ್ಕೆ ಎಳೆದು ಶಕ್ತಿ ಇಳಿಸುತ್ತೆ. ಮಾರ್ಚ್ ತಿಂಗಳ ಅರಸೀಕೆರೆ ಬಿಸಿಲಲ್ಲಿ ದುಡ್ಡು ಕೊಟ್ಟು ಬಿಸಿಗಾಳಿ ಕುಡಿಸೋದು ಯಾವ ಜಾಣತನ? ಇನ್ನು ಧೂಳು. ಅರಸೀಕೆರೆ ತಾಲ್ಲೂಕು ಸಕಲೇಶಪುರ ಅಲ್ಲ ಸ್ವಾಮಿ. ಇಲ್ಲಿ ತೋಟದ ದಾರಿಯಲ್ಲಿ ಒಂದು ಟ್ರ್ಯಾಕ್ಟರ್ ಹೋದರೆ ಐದು ನಿಮಿಷ ಎದುರಿನ ತೆಂಗಿನಮರ ಕಾಣಲ್ಲ. ಟರ್ಬೊದ ಕಂಪ್ರೆಸರ್ ಚಕ್ರ ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗೋ ವಸ್ತು. ಆ ವೇಗದಲ್ಲಿ ಮರಳಿನ ಕಣ ಬಡಿದರೆ ಅದರ ರೆಕ್ಕೆ ಉಜ್ಜುಕಾಗದ ಹಿಡಿದ ಹಾಗೆ ಸವೆಯುತ್ತೆ. ಕಾಗದದ ಮಾಮೂಲಿ ಫಿಲ್ಟರ್ ಧೂಳು ಹಿಡಿಯೋದರಲ್ಲಿ ಇವತ್ತಿಗೂ ಗಟ್ಟಿಗ. ಕಂಪನಿ ಹೇಳಿದ್ದಕ್ಕಿಂತ ಮೊದಲೇ ಬದಲಾಯಿಸಿ, ಸಾಕು.

ಬ್ಲೋ ಆಫ್ ವಾಲ್ವ್ ಬಗ್ಗೆ ಹೆಚ್ಚು ಹೇಳಲ್ಲ. "ಪ್ಸ್ಸ್" ಅನ್ನೋ ಶಬ್ದಕ್ಕೆ 14,000. ಗಾಳಿ ಅಳೆಯೋ ಸೆನ್ಸರ್ ಇರೋ ಗಾಡಿಗಳಲ್ಲಿ ಅಳೆದ ಗಾಳಿಯನ್ನ ಹೊರಗೆ ಬಿಟ್ಟರೆ ಇಂಜಿನ್ನಿನ ಲೆಕ್ಕವೇ ತಪ್ಪುತ್ತೆ. ನಮ್ಮ ಹ್ಯಾಂಡ್‌ಪೋಸ್ಟಿನಲ್ಲಿ ಒಬ್ಬ ಡೀಸೆಲ್ ಸ್ವಿಫ್ಟಿಗೆ ಇದನ್ನ ಹಾಕಿಸಿದ್ದ. ಪೆಟ್ರೋಲ್ ಗಾಡಿಯ ಹಾಗೆ ಕಾಲು ತೆಗೆದಾಗ ಥ್ರಾಟಲ್ ಮುಚ್ಚಿ ಗಾಳಿ ಸಿಕ್ಕಿಹಾಕಿಕೊಳ್ಳೋ ಸಮಸ್ಯೆ ಡೀಸೆಲ್‌ಗೆ ಇಲ್ಲವೇ ಇಲ್ಲ. ಇಲ್ಲದ ಕಾಯಿಲೆಗೆ ಮದ್ದು.

ಡೌನ್‌ಪೈಪ್ ಮಾತ್ರ ಸುಳ್ಳಲ್ಲ. ಟರ್ಬೊದಿಂದ ಹೊರಬರೋ ಹೊಗೆಗೆ ದಾರಿ ಅಗಲ ಮಾಡಿದರೆ ಟರ್ಬೊ ಬೇಗ ಎದ್ದೇಳುತ್ತೆ, ನಿಜವಾದ ಲಾಭ. ಆದರೆ ಅಗ್ಗದ ಪ್ಯಾಕೇಜುಗಳಲ್ಲಿ ಬರೋ ಪೈಪಿನಲ್ಲಿ ಕ್ಯಾಟಲಿಟಿಕ್ ಕನ್ವರ್ಟರೇ ಇರಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸೋ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಂ ಓದಿ ನೋಡಿ, ಅನುಮತಿ ಇಲ್ಲದ ಮಾರ್ಪಾಡಿಗೆ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು, ಅಥವಾ "ಪ್ರತಿ ಮಾರ್ಪಾಡಿಗೆ" 5,000 ರೂಪಾಯಿ ದಂಡ, ಅಥವಾ ಎರಡೂ. ಗಮನಿಸಿದ್ರಾ? ಅಂಗಡಿಯವನು ಐದನ್ನೂ ಒಂದು ಅಂತ ಮಾರಿದ, ಕಾನೂನು ಬಿಡಿಬಿಡಿಯಾಗೇ ಎಣಿಸುತ್ತೆ! ಹಾಗಂತ ಬರೀ ಮ್ಯಾಪ್ ಹಾಕಿಸಿದವನು ಸಾಚಾ ಅಂತ ನಾನು ಹೇಳ್ತಿಲ್ಲ. ವಾರಂಟಿ ಅಂತೂ ಅದರಿಂದಲೇ ಹೋಗುತ್ತೆ. ಫೋಕ್ಸ್‌ವ್ಯಾಗನ್ ಗುಂಪಿನ ಕಾರುಗಳಲ್ಲಿ ಇಸಿಯು ಮುಟ್ಟಿದ್ದು ಗೊತ್ತಾದರೆ ಟಿಡಿ1 ಅಂತ ಗುರುತೇ ಹಾಕ್ತಾರೆ. ಇನ್ಶೂರೆನ್ಸ್‌ನವರಿಗೆ ಹೇಳದೆ ಮಾಡಿಸಿದರೆ ಕ್ಲೇಮ್ ಹೊತ್ತಿಗೆ ತಕರಾರು. ಇದೆಲ್ಲ ಗೊತ್ತಿದ್ದೇ ಮಾಡೋದಾದರೆ ಮಾಡಿ.

ಈಗ ಪ್ಯಾಕೇಜ್ ಪರವಾಗಿರೋರ ಒಂದು ಮಾತಿಗೆ ಉತ್ತರ ಕೊಡಲೇಬೇಕು, ಯಾಕಂದ್ರೆ ಅದರಲ್ಲಿ ಸತ್ಯ ಇದೆ. ಟರ್ಬೊ ಇಂಜಿನ್ನಿನಲ್ಲಿ ಒಂದನ್ನ ಬದಲಾಯಿಸಿದರೆ ಇನ್ನೊಂದು ಅದಕ್ಕೆ ಹೊಂದಬೇಕು ಅನ್ನೋದು. ಒಬ್ಬರ ಹತ್ರ ಪೈಪು, ಇನ್ನೊಬ್ಬರ ಹತ್ರ ಫಿಲ್ಟರು, ಮೂರನೆಯವರ ಹತ್ರ ಮ್ಯಾಪು ತಂದು ಸೇರಿಸಿದರೆ ಗಾಡಿ ಚೆಕ್ ಇಂಜಿನ್ ಲೈಟ್ ಹಾಕ್ಕೊಂಡು ನಿಲ್ಲುತ್ತೆ, ಕೇಳಿದರೆ ಮೂವರೂ ಇನ್ನೊಬ್ಬರ ಕಡೆ ಕೈ ತೋರಿಸ್ತಾರೆ. ಸರಿಯಾದ ಮಾತು. ಫಿಯೆಟ್‌ನ 1.3 ಮಲ್ಟಿಜೆಟ್ಟನ್ನೇ ನೋಡಿ. ಸ್ವಿಫ್ಟಿನಲ್ಲಿ 75 ಪಿಎಸ್, ಎರ್ಟಿಗಾ ಸಿಯಾಜ್‌ಗಳಲ್ಲಿ ಅದೇ 1,248 ಸಿಸಿ ಇಂಜಿನ್ 90 ಪಿಎಸ್. ಕಂಪನಿ 15 ಪಿಎಸ್ ಹೆಚ್ಚಿಸೋಕೆ ವೇರಿಯಬಲ್ ಜಾಮೆಟ್ರಿ ಟರ್ಬೊ ಕೂರಿಸಿತು, ಅದಕ್ಕೆ ತಕ್ಕ ಮ್ಯಾಪ್ ಬರೀತು. ಎರಡೂ ಜೊತೆಗೇ ಆಗಬೇಕಾದ ಕೆಲಸ, ಒಪ್ತೀನಿ. ಆದರೆ ಇದರಿಂದ ಹೊರಡೋ ತೀರ್ಮಾನ ಏನು? ಒಂದಕ್ಕೊಂದು ಅಂಟಿಕೊಂಡಿರೋದನ್ನ ಒಬ್ಬನ ಹತ್ತಿರವೇ ಒಟ್ಟಿಗೆ ಮಾಡಿಸಿ ಅಂತ. ಡೌನ್‌ಪೈಪ್ ಬೇಕೇ ಬೇಕು ಅಂದ್ರೆ ಅದಕ್ಕೆ ಬರೆದ ಮ್ಯಾಪ್ ಜೊತೆಗೇ ತಗೊಳಿ. ಸೈಲೆನ್ಸರಿನ ಸದ್ದೂ ವಾಲ್ವಿನ ಪ್ಸ್ಸೂ ಆ ಜೋಡಿಯಲ್ಲಿ ಹೇಗೆ ಬಂದು ಸೇರಿದವು? ಯೂರಿಯಾ ಬೆಳೆಗೆ ಬೇಕು ಅನ್ನೋದು ಬಾಟಲಿ ಮಾರೋಕೆ ಸಾಕ್ಷಿ ಆಗಲ್ಲ.

ಇನ್ನೊಂದು ವಿಷಯ, ಪ್ಯಾಕೇಜ್ ಕಟ್ಟಿದವನಿಗೆ ನಿಮ್ಮ ಗಾಡಿ ಗೊತ್ತಿಲ್ಲ. ನನ್ನ ಪೋಲೊದ 1.2 ಟಿಎಸ್‌ಐ ಇಂಜಿನ್ನಿನಲ್ಲಿ ಇಂಟರ್‌ಕೂಲರ್ ಇರೋದು ಇನ್‌ಟೇಕ್ ಮ್ಯಾನಿಫೋಲ್ಡ್ ಒಳಗೆ, ನೀರಿನಿಂದ ತಣ್ಣಗಾಗೋದು. ಆದರೂ ನನಗೆ ಒಬ್ಬರು ಬಂಪರ್ ಹಿಂದೆ ಕೂರೋ ದೊಡ್ಡ ಇಂಟರ್‌ಕೂಲರ್ ಸೇರಿಸಿದ "ಸ್ಪೆಷಲ್ ಪ್ಯಾಕೇಜ್" ಹೇಳಿದ್ರು. ಎಲ್ಲಿ ಕೂರಿಸ್ತೀರಿ ಸಾರ್ ಅಂದೆ. ಫೋನ್ ಇಟ್ಟರು. ಮ್ಯಾಪ್ ಫೈಲುಗಳ ಕಥೆಯೂ ಇಷ್ಟೇ. ಹೊರದೇಶದ ಒಳ್ಳೆ ಆಕ್ಟೇನ್ ಪೆಟ್ರೋಲಿಗೆ ಬರೆದ ಫೈಲನ್ನ ತಂದು ಇಲ್ಲಿ ಸುರೀತಾರೆ. ಈಗ ನಮ್ಮ ಬಂಕುಗಳಲ್ಲಿ ಬರ್ತಿರೋದು ಇ20, ಶೇಕಡಾ 20 ಎಥನಾಲ್. ಅಷ್ಟೇ ಗಾಳಿಗೆ ಎಥನಾಲ್ ಬೆರೆತ ಇಂಧನ ಜಾಸ್ತಿ ಬೇಕು. ಇಂಜೆಕ್ಟರೂ ಪಂಪೂ ಮೊದಲೇ ಹೆಚ್ಚು ದುಡೀತಿರುತ್ತವೆ, ಅದರ ಮೇಲೆ ಬೂಸ್ಟ್ ಏರಿಸಿದರೆ ಮಿಶ್ರಣ ತೆಳುವಾಗಿ ಪಿಸ್ಟನ್ನಿಗೇ ಕುತ್ತು. ಇದನ್ನ ಕೇಳಿ ಮ್ಯಾಪ್ ಬರೆಯೋನು ಸಿಕ್ಕರೆ ಅವನ ಹತ್ರ ಹೋಗಿ. ಪ್ಯಾಕೇಜ್ ರೇಟು ಮೊದಲು ಹೇಳೋನ ಹತ್ರ ಬೇಡ.

ಗೇರ್ ಬಾಕ್ಸ್ ಇದೆ ಅನ್ನೋದು ಯಾರಿಗೂ ನೆನಪೇ ಬರಲ್ಲ. ಜಿಟಿ ಟಿಎಸ್‌ಐನ ಏಳು ಗೇರಿನ ಡಿಕ್ಯೂ200 ಡಿಎಸ್‌ಜಿ ಒಣ ಕ್ಲಚ್ಚಿನದು, ಅದರ ಮಿತಿ 250 ಎನ್‌ಎಂ. ಇಂಜಿನ್ ಕಂಪನಿಯಿಂದ ಬಂದಾಗ ಕೊಡೋದು 175. ಮಧ್ಯೆ ಇರೋ 75 ಕಂಪನಿಯವರು ಸುಮ್ಮನೆ ಬಿಟ್ಟಿದ್ದಲ್ಲ. ಬೇಸಿಗೆಗೆ, ಟ್ರಾಫಿಕ್ಕಿಗೆ, ಶಿರಾಡಿ ಘಾಟಿನಲ್ಲಿ ಲಾರಿ ಹಿಂದೆ ತೆವಳೋದಕ್ಕೆ ಇಟ್ಟ ಅಂತರ ಅದು. ಹದವಾದ ಮ್ಯಾಪ್ ಅದರಲ್ಲಿ ಅರ್ಧ ತಿನ್ನುತ್ತೆ, ಪರವಾಗಿಲ್ಲ. ಪೂರ್ತಿ ತಿಂದ ಮೇಲೆ ಬರೋ ಕ್ಲಚ್ ಬಿಲ್ಲಿನಲ್ಲಿ ಪ್ಯಾಕೇಜ್ ಡಿಸ್ಕೌಂಟ್ ಇರಲ್ಲ.

ನನ್ನ ಚಿಕ್ಕಪ್ಪನ ಮಗ ದೀಪಾವಳಿಗೆ ಬಂದವನು ಇದೇ ಒಂದೂವರೆ ಲಕ್ಷದ ಚೀಟಿ ತೋರಿಸಿದ. "ಅಣ್ಣ, ಒಂದೇ ಸಲ ಮುಗಿದುಹೋಗುತ್ತೆ, ಪದೇ ಪದೇ ಬೆಂಗಳೂರಿಗೆ ಹೋಗೋದು ಯಾರು?" ಅಂದ. ಬೋರಿಗೆ ಅಂತ ಚಿಕ್ಕಮ್ಮ ಎತ್ತಿಟ್ಟಿದ್ದ ದುಡ್ಡು ಅದು ಅಂತ ನನಗೆ ಗೊತ್ತು, ಅವನಿಗೂ ಗೊತ್ತು. ನಾನು ಬಾನೆಟ್ ತೆಗೆಸಿದೆ. ಪ್ಲಗ್ ಬಿಚ್ಚಿದರೆ ಎಲೆಕ್ಟ್ರೋಡ್ ಸವೆದು ಗ್ಯಾಪ್ ಬಾಯಿ ಬಿಟ್ಟಿತ್ತು. ಡೈರೆಕ್ಟ್ ಇಂಜೆಕ್ಷನ್ ಇಂಜಿನ್ನು, ಪೆಟ್ರೋಲು ವಾಲ್ವ್ ಮೇಲೆ ಬೀಳಲ್ಲ, ಹಾಗಾಗಿ ಇನ್‌ಟೇಕ್ ವಾಲ್ವಿನ ಹಿಂದೆ ಇಂಗಾಲ ಕಟ್ಟೋದು ಇದರ ಹುಟ್ಟುಗುಣ. ಹಳೇ ಓನರ್ ಅದನ್ನ ತೆಗೆಸಿದ ದಾಖಲೆ ಇಲ್ಲ. ಹಿಂದಿನ ಎರಡು ಟೈರಿನ ರಬ್ಬರ್ ಗಟ್ಟಿಯಾಗಿ ಬಿರುಕು ಬಿಟ್ಟಿತ್ತು. ಈ ಗಾಡಿಗೆ ಕಂಪನಿ ಕೊಟ್ಟ 105 ಪಿಎಸ್ಸೇ ಪೂರ್ತಿ ಬರ್ತಿಲ್ಲ ಕಣೋ, ಇನ್ನೂ 30 ಎಲ್ಲಿಗೆ ಹಾಕ್ತೀಯ ಅಂದೆ. ಬಣ್ಣ ಹೊಡೆಯದ ಹಂಪು ರಾತ್ರಿ ಹೊತ್ತು ಎದುರಾದಾಗ ಬೇಕಾಗೋದು ಬ್ರೇಕು ಅಂತಾನೂ ಅಂದೆ.

ಮುಖ ಊದಿಸಿಕೊಂಡ. ಆಮೇಲೆ ಪ್ಲಗ್, ಕಾಯಿಲ್, ಇಂಗಾಲ ತೆಗೆಸೋದು, ನಾಲ್ಕು ಟೈರು, ಮುಂದಿನ ಬ್ರೇಕ್ ಪ್ಯಾಡು, ಬ್ರೇಕ್ ಆಯಿಲ್ ಇಷ್ಟನ್ನ ಹಾಸನದಲ್ಲೇ ಮಾಡಿಸಿದ್ವಿ. ಮೊದಲೂ ಆಮೇಲೂ ಒಂದೇ ರಸ್ತೆಯಲ್ಲಿ, ಒಂದೇ ಹೊತ್ತಲ್ಲಿ, ಮೂರನೇ ಗೇರಿನಲ್ಲಿ 40ರಿಂದ 80ಕ್ಕೆ ಎಷ್ಟು ಸೆಕೆಂಡ್ ಅಂತ ಓಬಿಡಿ ಡಾಂಗಲ್ ಹಾಕಿ ಬರೆದಿಟ್ಕೊಂಡ. ಬಿಡಿಬಿಡಿಯಾಗಿ ಮಾಡಿಸೋದರ ದೊಡ್ಡ ಸುಖ ಇದೇ ನೋಡಿ, ಯಾವ ರೂಪಾಯಿ ಏನು ಕೊಡ್ತು ಅಂತ ಗೊತ್ತಾಗುತ್ತೆ. ಐದು ಒಟ್ಟಿಗೆ ಹಾಕಿಸಿದವನಿಗೆ ಕೆಟ್ಟಾಗಲೂ ಗೊತ್ತಾಗಲ್ಲ, ಸುಧಾರಿಸಿದಾಗಲೂ ಗೊತ್ತಾಗಲ್ಲ.

ಮ್ಯಾಪ್ ಇನ್ನೂ ಹಾಕಿಸಿಲ್ಲ, "ಯುಗಾದಿ ಆದ ಮೇಲೆ ನೋಡ್ತೀನಿ ಅಣ್ಣ" ಅಂದಿದ್ದಾನೆ. ಚಿಕ್ಕಮ್ಮನ ಬೋರು ಪಾಯಿಂಟ್ ಮಾತ್ರ ಹೋದ ವಾರ ಗುರುತು ಮಾಡಿಸಿದರು.