ಮೌನವು ಸಮ್ಮತಿಯಲ್ಲ

‘ಮೌನಂ ಸಮ್ಮತಿಲಕ್ಷಣಂ’ ಎಂಬ ಮಾತು ವಿದ್ವತ್ಸಭೆಯಲ್ಲಿ ಸಲ್ಲಬಹುದು. ಹಣದ ವ್ಯವಹಾರದಲ್ಲಿ ಸಲ್ಲದೆಂಬುದು ನನ್ನ ಅಭಿಪ್ರಾಯ. ಒಂದು ತಿಂಗಳ ಮಟ್ಟಿಗೆಂದು ಯಾವುದೋ ಚಲನಚಿತ್ರ ಸೇವೆಗೋ ಪಾಠದ ಆ್ಯಪ್‌ಗೋ ಕಾರ್ಡಿನ ಸಂಖ್ಯೆಯನ್ನು ಒಪ್ಪಿಸಿದವನ ಖಾತೆಯಿಂದ ತಿಂಗಳು ತಿಂಗಳೂ ಹಣ ಹರಿದುಹೋಗುವುದುಂಟು. ಅವನ ಮೌನವನ್ನೇ ವರ್ತಕನು ಒಪ್ಪಿಗೆಯೆಂದು ಓದಿಕೊಳ್ಳುತ್ತಾನೆ. ಒಳಬರುವ ಬಾಗಿಲು ಊರಗಲ. ಹೊರಡುವ ಬಾಗಿಲನ್ನು ದೀಪ ಹಿಡಿದು ಹುಡುಕಬೇಕು. ಇಂಥ ಚಂದಾಬಲೆಯನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರಿನಲ್ಲಿ ನಿಷಿದ್ಧ ತಂತ್ರಗಳ ಸಾಲಿಗೆ ಸೇರಿಸಿತು.

ಆದರೆ ವರ್ತಕನ ಬಾಗಿಲನ್ನೇ ಕಾಯಬೇಕಾಗಿಲ್ಲ. ರಿಸರ್ವ್ ಬ್ಯಾಂಕು 2019ರ ಆಗಸ್ಟಿನಲ್ಲಿ ಹೊರಡಿಸಿ, 2021ರ ಅಕ್ಟೋಬರ್ 1ರಿಂದ ಕಟ್ಟುನಿಟ್ಟಾಗಿ ಜಾರಿಗೆ ತಂದ ನಿಯಮದಂತೆ, ಸಾಮಾನ್ಯವಾಗಿ ಹಣ ಕಡಿತವಾಗುವುದಕ್ಕೆ 24 ಗಂಟೆಗಳಾದರೂ ಮುಂಚೆ ಗ್ರಾಹಕನಿಗೆ ಸೂಚನೆ ತಲುಪಬೇಕು. ಆ ಒಂದು ಪಾವತಿಯನ್ನಾಗಲಿ, ಇಡೀ ಅನುಮತಿಯನ್ನಾಗಲಿ ನಿರಾಕರಿಸುವ ಅವಕಾಶವಿರಬೇಕು. ಕೊಟ್ಟ ಅನುಮತಿಯನ್ನು ಯಾವಾಗ ಬೇಕಾದರೂ ಹಿಂತೆಗೆದುಕೊಳ್ಳುವ ಸೌಲಭ್ಯವನ್ನು ಕಾರ್ಡು ಕೊಟ್ಟ ಬ್ಯಾಂಕೇ ಆನ್‌ಲೈನ್‌ನಲ್ಲಿ ಒದಗಿಸಬೇಕು. ಆ ಬಳಿಕ ವರ್ತಕನಿಗೂ ತಿಳಿಸಿ ಚಂದಾವನ್ನು ಮುಗಿಸುವುದು ವಿವೇಕ. ಪಾವತಿ ನಿಂತಮಾತ್ರಕ್ಕೆ ಒಪ್ಪಂದವು ತಾನಾಗಿ ಮುಗಿಯಿತೆನ್ನಲಾಗದು.

ಹಕ್ಕು ಸುತ್ತೋಲೆಯಲ್ಲಿದ್ದರೆ ಸಾಲದು, ಅದನ್ನು ಓದುವ ಕಣ್ಣೂ ಬೇಕು. ಇನ್ನೂರು ರೂಪಾಯಿ ಉಳ್ಳವನಿಗೆ ಅಲ್ಪ. ವಿದ್ಯಾರ್ಥಿಗೆ ಅದು ಒಂದು ಪುಸ್ತಕದ ಬೆಲೆ, ಬಡಮನೆಗೆ ಕೆಲವು ದಿನಗಳ ಹಾಲು. ಚಕ್ರಬಡ್ಡಿಯ ಲೆಕ್ಕವನ್ನು ಕಲಿಸುವ ನಮ್ಮ ಉಪಾಧ್ಯಾಯರು ಬ್ಯಾಂಕಿನ ಸೂಚನೆಯನ್ನು ಓದಿ ‘ಬೇಡ’ ಎನ್ನುವ ಕ್ರಮವನ್ನೂ ಕಲಿಸಲಿ. ಬ್ಯಾಂಕುಗಳು ಆ ಸೂಚನೆಯನ್ನು ಗ್ರಾಹಕನು ಬಲ್ಲ ಭಾಷೆಯಲ್ಲಿ ಕಳುಹಿಸಲಿ. ನಾನು ಕೇಳುವುದು ಇಷ್ಟೆ.